ಬೋರ್ಡ್ ಹಾಕುವ ಮೊದಲು ಹಕ್ಕಿಯ ಹೆಸರು ಕೇಳಿ

ಪ್ರಶ್ನೆ: ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿನ ದಂಡೆಗಿರುವ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಶಿಕ್ಷಕಿ. ಚಳಿಗಾಲ ಬಂತೆಂದರೆ ಹಕ್ಕಿಗಳು ಹಿಂಡುಗಟ್ಟಲೆ ಬಂದು ಇಳಿಯುತ್ತವೆ. ಬಲೆ ಹಾಕಿ ಹಿಡಿಯುವವರೂ ಇದ್ದಾರೆ, ಕಲ್ಲು ಹೊಡೆಯುವ ಹುಡುಗರೂ ಇದ್ದಾರೆ. ಹೋದ ವರ್ಷ ಜಾಥಾ ಮಾಡಿದೆವು, 'ಪಕ್ಷಿ ಉಳಿಸಿ' ಅಂತ ಬೋರ್ಡ್ ಹಾಕಿದೆವು, ಗುಬ್ಬಿಗೆ ಪೆಟ್ಟಿಗೆ ಕಟ್ಟಿದೆವು. ಏನೂ ಬದಲಾಗಲಿಲ್ಲ. ಮೊನ್ನೆ ಐದನೇ ತರಗತಿಯ ಹುಡುಗನೊಬ್ಬ ನೀರಿನ ದಂಡೆಯಿಂದ ಚುಕ್ಕೆ ಚುಕ್ಕೆಯ ಎರಡು ಮೊಟ್ಟೆಗಳನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಬಂದ. ಸಿಟ್ಟು ಬಂತು, ಬೈದುಬಿಟ್ಟೆ. ಊರಿನ ಐದಾರು ಯುವಕರು ನನ್ನ ಜೊತೆಗಿದ್ದಾರೆ. ನಿಜವಾಗಿ ಕೆಲಸಕ್ಕೆ ಬರುವಂಥದ್ದು ಏನು ಮಾಡಬಹುದು?

ಉತ್ತರ:

ಅಕ್ಕೋರೆ, ನಮಸ್ಕಾರ.

ಮೊದಲು ಆ ಹುಡುಗನ ವಿಷಯ. ಅವನಿಗೆ ಇನ್ನು ಬೈಯಬೇಡಿ. ಬಯಲು ದಂಡೆಯಲ್ಲಿ ಬಿದ್ದಿರುವ ಮೊಟ್ಟೆ ಕಣ್ಣಿಗೆ ಬೀಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಇಪ್ಪತ್ತು ವರ್ಷದಿಂದ ಈ ಭಾಗದ ಕೆರೆ, ಹಿನ್ನೀರು ಸುತ್ತುತ್ತಿದ್ದೇನೆ. ಈಗಲೂ ಬೇಸಿಗೆಯಲ್ಲಿ ದಂಡೆಗೆ ಇಳಿದರೆ ಒಂದೊಂದು ಹೆಜ್ಜೆಗೂ ನೆಲ ನೋಡಿಯೇ ಕಾಲಿಡುತ್ತೇನೆ. ಮರಳು, ಹರಳು, ಒಣಗಿ ಬಿರುಕು ಬಿಟ್ಟ ಕೆಸರು, ಮೊಟ್ಟೆಗೂ ಅದೇ ಬಣ್ಣ. ಗೂಡು ಅಂತ ಒಂದು ಕಡ್ಡಿಯೂ ಇರುವುದಿಲ್ಲ, ಎದೆಯಿಂದ ಒತ್ತಿ ಕಾಲಿನಿಂದ ಕೆರೆದ ಒಂದು ತಗ್ಗು, ಅಷ್ಟೇ. ಅದನ್ನು ಹುಡುಕಿದ ಕಣ್ಣು ನಿಮ್ಮ ಶಾಲೆಯಲ್ಲಿದೆ. ನಿಮ್ಮ ಇಡೀ ಕೆಲಸ ಅವನಿಂದಲೇ ಶುರುವಾಗಬೇಕು ಅಂತ ನನ್ನ ಅನಿಸಿಕೆ.

ಆ ಮೊಟ್ಟೆ ಯಾವುದು ಅಂತ ನೋಡದೆ ಹೇಳಲಾಗದು. ಆದರೆ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಂಡೆಯಲ್ಲಿ, ನಡುಗಡ್ಡೆಯಲ್ಲಿ ನೆಲದ ಮೇಲೆ ಮೊಟ್ಟೆ ಇಡುವವು ಮುಖ್ಯವಾಗಿ ನದಿ ರೀವ, ಚಿಟವ, ಟಿಟ್ಟಿಭ. ರೀವ ಅಂದರೆ ಬೆಳ್ಳಗೆ, ತಲೆಗೆ ಕರಿ ಟೊಪ್ಪಿಗೆ, ಹಳದಿ ಕೊಕ್ಕು, ಬಾಲ ಕವಲು. ನೀರಿನ ಮೇಲೆ ಹಾರುತ್ತ ಹಾರುತ್ತ ಧಡ್ ಅಂತ ಬಿದ್ದು ಮೀನು ಹಿಡಿಯುತ್ತದೆ. ನಿಮ್ಮ ಮಕ್ಕಳು ದಿನಾ ನೋಡಿರುತ್ತಾರೆ. ಇದು ಈಗ ಲೋಕದಲ್ಲೇ ಅಪಾಯಕ್ಕೆ ಸಿಕ್ಕ ಹಕ್ಕಿಗಳ ಪಟ್ಟಿಯಲ್ಲಿದೆ, ಯಾಕೆಂದರೆ ಅದು ಮೊಟ್ಟೆ ಇಡುವ ಮರಳದಿಬ್ಬಗಳೇ ನದಿಗಳಲ್ಲಿ ಉಳಿದಿಲ್ಲ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಇವು ದೊಡ್ಡ ಸಂಖ್ಯೆಯಲ್ಲಿ ಸೇರಿ ಮರಿ ಮಾಡುತ್ತವೆ, ಅದನ್ನು ನೋಡಲು ದೂರದಿಂದ ಜನ ಹೋಗುತ್ತಾರೆ. ನಿಮ್ಮ ಊರಿನ ಮುಂದೆಯೂ ಅದೇ ಹಕ್ಕಿ ಇದೆ.

ಒಮ್ಮೆ ಏಪ್ರಿಲ್‌ನಲ್ಲಿ, ಹನ್ನೆರಡರ ಬಿಸಿಲಿನಲ್ಲಿ, ದೂರದ ಜಾಲಿ ಗಿಡದ ನೆರಳಲ್ಲಿ ಕೂತು ದುರ್ಬೀನಿನಲ್ಲಿ ಒಂದು ರೀವದ ಜೋಡಿಯನ್ನು ನೋಡುತ್ತಿದ್ದೆ. ಕಾವು ಕೊಡುವುದಕ್ಕೆ ಅದು ಕೂತಿರಲಿಲ್ಲ, ನೆರಳು ಕೊಡುವುದಕ್ಕೆ ನಿಂತಿತ್ತು. ರೆಕ್ಕೆ ಸ್ವಲ್ಪ ಬಿಚ್ಚಿ, ಬಾಯಿ ತೆರೆದು ಏದುಸಿರು ಬಿಡುತ್ತ. ಸ್ವಲ್ಪ ಹೊತ್ತಿಗೆ ಎದ್ದು ನೀರಿಗೆ ಹೋಯಿತು, ಹೊಟ್ಟೆಯ ಗರಿಯನ್ನು ತೋಯಿಸಿಕೊಂಡು ಓಡೋಡಿ ಬಂತು, ಮೊಟ್ಟೆಯ ಮೇಲೆ ಕೂತು ತಂಪು ಮಾಡಿತು. ಮತ್ತೆ ಹೋಯಿತು, ಮತ್ತೆ ಬಂತು. ಲೆಕ್ಕ ಇಡುವುದನ್ನೇ ಬಿಟ್ಟೆ ನಾನು. ಅಷ್ಟರಲ್ಲಿ ನೀರು ಕುಡಿಯಲು ಬಂದ ಕುರಿ ಹಿಂಡಿನ ಹಿಂದೆ ಎರಡು ನಾಯಿ ಬಂದವು. ಜೋಡಿ ಎರಡೂ ಮೇಲೆದ್ದು ಕೂಗುತ್ತ ಸುತ್ತತೊಡಗಿದವು. ನಾಯಿ ಮೊಟ್ಟೆ ಮುಟ್ಟಲೇ ಇಲ್ಲ. ಆದರೆ ಆ ಬಿಸಿಲಿನಲ್ಲಿ ಮೊಟ್ಟೆ ಬರಿದೇ ಬಿದ್ದಿತ್ತಲ್ಲ, ಅಷ್ಟೇ ಸಾಕು, ಒಳಗಿನ ಜೀವ ಬೆಂದುಹೋಗುತ್ತದೆ. ಯಾರೂ ಬೇಕಂತ ಮಾಡಿದ್ದಲ್ಲ ನೋಡಿ. ಕುರಿ ಕಾಯುವ ಕಾಕಾನಿಗೆ ಅಲ್ಲಿ ಮೊಟ್ಟೆ ಇದೆ ಅನ್ನುವುದೇ ಗೊತ್ತಿರಲಿಲ್ಲ. ಹೇಳಿದಾಗ ಅವರ ಮುಖ ಸಣ್ಣದಾಯಿತು. "ಮೊದಲ ಹೇಳಬಾರದೇನ್ರಿ ಸರ, ಆ ಕಡೆ ಇಳಸ್ತಿದ್ನೆಲ್ಲ" ಅಂದರು. ಮರುದಿನದಿಂದ ಅವರು ಬೇರೆ ಕಡೆಯಿಂದಲೇ ನೀರಿಗೆ ಇಳಿಸಿದರು, ಜೊತೆಗಿನ ಇನ್ನಿಬ್ಬರಿಗೂ ಹೇಳಿದರು.

ನಿಮ್ಮ ಬೋರ್ಡ್ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. 'ಪಕ್ಷಿ ಉಳಿಸಿ' ಅಂದರೆ ಯಾವ ಪಕ್ಷಿ, ಎಲ್ಲಿ, ಯಾವ ತಿಂಗಳು, ಯಾರು ಏನು ಮಾಡಬೇಕು? ಅದರಲ್ಲಿ ಒಂದೂ ಇಲ್ಲ. ಕಾಕಾನಿಗೆ ಬೇಕಾಗಿದ್ದು ಉಪದೇಶ ಅಲ್ಲ, 'ಈ ದಿಬ್ಬದ ಮೇಲೆ ಮೇ ಮುಗಿಯುವವರೆಗೆ ಕುರಿ ಹತ್ತಿಸಬೇಡಿ' ಅನ್ನುವ ಒಂದು ಮಾತು. ಆ ಮಾತು ಹೇಳಬೇಕು ಅಂದರೆ ಮೊದಲು ನಮಗೆ ಗೊತ್ತಿರಬೇಕು, ಅಲ್ವಾ?

ಹಾಗಾಗಿ ಹೆಸರಿನಿಂದ ಶುರು ಮಾಡಿ. ಮಕ್ಕಳಿಗೆ ಒಂದು ವಾರದ ಮನೆಗೆಲಸ ಕೊಡಿ: ಅಜ್ಜ, ಅಜ್ಜಿ, ಮೀನು ಹಿಡಿಯುವ ಮಾಮಾ, ಕುರಿ ಕಾಯುವ ಕಾಕಾ, ಇವರನ್ನೆಲ್ಲ ಕೇಳಿ ನಮ್ಮೂರಲ್ಲಿ ಹಕ್ಕಿಗಳಿಗೆ ಏನೇನು ಹೆಸರಿವೆ ಬರೆದುಕೊಂಡು ಬನ್ನಿ ಅಂತ. ಪುಸ್ತಕದ ಹೆಸರು ಬೇಡ. ನೀರುಕಾಗೆ, ಬೆಳ್ಳಕ್ಕಿ, ಗೀಜುಗ, ಬುರ್ಲಿ, ಗೌಜಲ ಇವೆಲ್ಲ ತಾವಾಗಿ ಬರುತ್ತವೆ. ನೀವು ಕೇಳಿಯೇ ಇರದ ಹೆಸರುಗಳೂ ಬರುತ್ತವೆ, ಅವೇ ಬಂಗಾರ. ಎರೆಭೂತ ಅಂತ ಯಾರಾದರೂ ಹಿರಿಯರು ಹೇಳಿದರೆ ಕೂತು ಪೂರ್ತಿ ಕೇಳಿ, ಬರೆದುಕೊಳ್ಳಿ. ಎರೆಹೊಲಗಳ ಆ ದೊಡ್ಡ ಹಕ್ಕಿ ಈಗ ಇಡೀ ದೇಶದಲ್ಲೇ ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಉಳಿದಿದೆ, ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಕಡೆ. ಅದನ್ನು ಕಣ್ಣಾರೆ ಕಂಡವರ ನೆನಪು ಆ ತಲೆಮಾರಿನ ಜೊತೆಗೇ ಹೋಗಿಬಿಡುತ್ತದೆ. ಹಾಲಕ್ಕಿಯ ಶಕುನದ ಮಾತೂ ಬರುತ್ತದೆ. ಆಗ ಮೂಢನಂಬಿಕೆ ಅಂತ ಹೀಯಾಳಿಸಬೇಡಿ. ಹಾಲಕ್ಕಿ ಅಂದರೆ ಒಂದು ಚಿಕ್ಕ ಗೂಬೆ, ಹುಳ, ಇಲಿಮರಿ ತಿಂದು ಹೊಲ ಕಾಯುತ್ತದೆ ಅಂತ ಸೇರಿಸಿ ಹೇಳಿ, ಸಾಕು.

ಈ ಕೆಲಸದಲ್ಲಿ ಇನ್ನೊಂದು ಗುಟ್ಟಿದೆ. ನಾವು ಊರಿಗೆ ಕಲಿಸಲು ಹೋಗುತ್ತಿಲ್ಲ, ಊರಿನಿಂದ ಕಲಿಯುತ್ತಿದ್ದೇವೆ. ನನಗೆ ಗೊತ್ತಿರುವುದನ್ನು ಬಂದು ಕೇಳಿದರು, ಮಗಳು ಬರೆದುಕೊಂಡಳು ಅನ್ನುವ ಖುಷಿ ಇದೆಯಲ್ಲ, ಆಮೇಲೆ ಆ ಮನುಷ್ಯ ನಿಮ್ಮ ಕಡೆಯವನು. ಬಲೆ ಹಾಕುವವರೂ ಇದರಲ್ಲಿ ಬರಲಿ. ಹಕ್ಕಿಯ ದಾರಿ, ಹೊತ್ತು, ಅಭ್ಯಾಸ ಅವರಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಎರಡನೆಯದು ಒಂದು ನೋಟ್‌ಬುಕ್. ಶನಿವಾರ ಬೆಳಗಿನ ಶಾಲೆ ತಾನೆ? ಅವತ್ತು ಅರ್ಧ ಗಂಟೆ, ಒಂದೇ ಜಾಗದಲ್ಲಿ ನಿಂತು, ಕಂಡ ಹಕ್ಕಿ ಯಾವುದು, ಎಷ್ಟು, ಏನು ಮಾಡುತ್ತಿತ್ತು ಅಂತ ಬರೆಯುವುದು. ಗೊತ್ತಾಗದಿದ್ದರೆ ಚಿತ್ರ ಬಿಡಿಸುವುದು. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ಒಂದು ವರ್ಷ ಬಿಡದೆ ಬರೆದರೆ ನಿಮ್ಮ ಊರಿನ ಹಕ್ಕಿ ಪಂಚಾಂಗವೇ ತಯಾರಾಗುತ್ತದೆ. ಪಟ್ಟೆತಲೆ ಹೆಬ್ಬಾತುಗಳು ನವೆಂಬರ್ ಹೊತ್ತಿಗೆ ಬರುತ್ತವೆ. ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅದು. ಕರ್ಕರೆ ಕೊಕ್ಕರೆ, ಬಗೆಬಗೆಯ ಬಾತು, ಚಕ್ರವಾಕ, ಎಲ್ಲ ಆ ದಿನಗಳಲ್ಲೇ. ಮಾರ್ಚ್ ಹೊತ್ತಿಗೆ ಅವು ಹೊರಟಂತೆ ನೀರು ಇಳಿದು ಕೆಸರು ಕಾಣುತ್ತದೆ, ಆಗ ರಾಜಹಂಸಗಳ ಸರದಿ. ಅವುಗಳ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ತಿನ್ನುವ ಪಾಚಿ, ಸಣ್ಣ ಸೀಗಡಿಯಿಂದ ಬಂದದ್ದು ಅಂತ ಹೇಳಿ ನೋಡಿ, ಆ ಪಾಠವನ್ನು ಮಕ್ಕಳು ಮರೆಯುವುದಿಲ್ಲ. ಅದೇ ಹೊತ್ತಿಗೆ ರೀವ, ಚಿಟವ ಮೊಟ್ಟೆ. ಮಳೆ ಶುರುವಾದರೆ ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜುಗನ ಗೂಡು.

ವರ್ಷಕ್ಕೊಮ್ಮೆ ಇಡೀ ಊರು ಸೇರಿ ಎಣಿಸುವ ದಿನ ಬೇಕು ಅಂದರೆ ಎಳ್ಳಮಾವಾಸ್ಯೆಯನ್ನು ಹಿಡಿದುಕೊಳ್ಳಿ. ಹೇಗೂ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತಾರೆ. ಚರಗ ಚೆಲ್ಲುವುದು ಭೂಮಿತಾಯಿಗೆ, ಆದರೆ ಆ ಜೋಳದ ಕಡುಬು, ಪಲ್ಯದ ಅಗುಳನ್ನು ಹೆಕ್ಕುವವು ಗೊರವಂಕ, ಗುಬ್ಬಿ, ಕಾಗೆ ತಾನೆ. ಊಟದ ಮುಂಚೆ ಹತ್ತು ನಿಮಿಷ ಹೊಲದಲ್ಲಿ ಕಂಡ ಹಕ್ಕಿ ಎಣಿಸಿ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಚಳಿಗಾಲದ ವಲಸೆ ಹಕ್ಕಿಗಳೂ ಆಗ ತುಂಬಿರುತ್ತವೆ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ನಡೆದು ಬಂದದ್ದು. ನಿಮ್ಮ ಯುವಕರು ಅದಕ್ಕೂ ಸೇರಿಕೊಳ್ಳಬಹುದು.

ಬರೆದ ಲೆಕ್ಕವನ್ನು ಯುವಕರಲ್ಲಿ ಒಬ್ಬರು ಮೊಬೈಲ್‌ನಲ್ಲಿ ಹಕ್ಕಿಗಳ ಲೆಕ್ಕ ಕೂಡಿಡುವ ಜಾಲತಾಣ ಇ-ಬರ್ಡ್‌ಗೆ ಹಾಕಲಿ. ಮಕ್ಕಳ ಲೆಕ್ಕ ಯಾರಿಗೆ ಬೇಕು ಅನ್ನಬೇಡಿ. 2023ರ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ ತಯಾರಾದದ್ದು ನಮ್ಮಂಥ ಸುಮಾರು 30,000 ಜನ ಹೀಗೆ ಹಾಕಿದ ಲೆಕ್ಕಗಳಿಂದ. 942 ಜಾತಿಗಳನ್ನು ಪರಿಶೀಲಿಸಿ 178 ಜಾತಿಗಳ ಬಗ್ಗೆ ತುರ್ತಾಗಿ ಗಮನ ಕೊಡಬೇಕು ಅಂತ ಅದು ಹೇಳಿತು. ಅದರಲ್ಲಿ ನಮ್ಮ ನೀಲಕಂಠವೂ ಕಡಿಮೆಯಾಗುತ್ತಿದೆ ಅಂತ ಬಂದಿದೆ. ನಮ್ಮ ರಾಜ್ಯಪಕ್ಷಿ, ಕರೆಂಟ್ ತಂತಿಯ ಮೇಲೆ ಕೂತು ಹೊಲದ ಹುಳ ಹಿಡಿಯುತ್ತಿದ್ದ ಹಕ್ಕಿ! ಗುಬ್ಬಿಯಾದರೋ, ದೊಡ್ಡ ಶಹರಗಳಲ್ಲಿ ಕಡಿಮೆಯಾಗಿದ್ದರೂ ಒಟ್ಟು ದೇಶದಲ್ಲಿ ಸ್ಥಿರವಾಗಿದೆ. ಹಾಗಂತ ಪೆಟ್ಟಿಗೆ ಕಿತ್ತುಹಾಕಬೇಡಿ, ಇರಲಿ. ಆದರೆ ಹಳ್ಳಿಯಲ್ಲಿ ಇದ್ದಬದ್ದ ಶಕ್ತಿಯನ್ನೆಲ್ಲ ಗುಬ್ಬಿ ಪೆಟ್ಟಿಗೆಗೇ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅದೇ ಕೈಗಳು ಬದುವಿನ ಮೇಲಿನ ಒಂದು ಹಳೆಯ ಬೇವಿನ ಮರ, ಬನ್ನಿ ಮರ ಕಡಿಯದಂತೆ ಒಪ್ಪಿಸಿದರೆ ಅದರ ಪೊಟರೆಯಲ್ಲಿ ನೀಲಕಂಠ, ಗಿಳಿ, ಹಾಲಕ್ಕಿ ಎಲ್ಲಕ್ಕೂ ಮನೆಯಾಗುತ್ತದೆ. ಗುಬ್ಬಿಗೂ ಪೆಟ್ಟಿಗೆಗಿಂತ ಹುಳ ಮುಖ್ಯ. ದೊಡ್ಡವಾದ ಮೇಲೆ ಕಾಳು ತಿನ್ನುತ್ತವೆ ನಿಜ, ಮರಿಗಳಿಗೆ ಮಾತ್ರ ತಾಯಿ ತಂದುಕೊಡುವುದು ಹುಳವನ್ನೇ.

ಇನ್ನು ರಕ್ಷಣೆ. ಮೊದಲ ವರ್ಷ ಇಡೀ ಹಿನ್ನೀರನ್ನು ಕಾಯಲು ಹೋಗಬೇಡಿ. ಒಂದು ದಿಬ್ಬ, ಒಂದು ಬೇಸಿಗೆ. ಆ ಹುಡುಗ ಮೊಟ್ಟೆ ಎತ್ತಿದ ಜಾಗವೇ ಆಗಲಿ. ಮಾರ್ಚ್‌ನಿಂದ ಮೇ ಮುಗಿಯುವವರೆಗೆ ಅಲ್ಲಿಗೆ ಕುರಿ, ನಾಯಿ, ಟ್ರ್ಯಾಕ್ಟರ್, ಸೆಲ್ಫಿ ಯಾವುದೂ ಹೋಗಬಾರದು. ಕುರಿ ಕಾಯುವವರ ಜೊತೆ ಕೂತು ನೀರಿಗೆ ಬೇರೆ ದಾರಿ ಯಾವುದು ಅಂತ ಅವರನ್ನೇ ಕೇಳಿ. ನೀರು ಇಳಿದ ಜಾಗದಲ್ಲಿ ಬಿತ್ತುವವರಿದ್ದರೆ ಅವರ ಜೊತೆಗೂ ಮಾತಾಡಿ. ಟಿಟ್ಟಿಭದ ಮೊಟ್ಟೆ ಕಂಡರೆ ಸುತ್ತ ನಾಲ್ಕು ಕಲ್ಲಿಟ್ಟು, ಒಂದು ಸಣ್ಣ ಹಾಸಿಗೆಯಷ್ಟು ಜಾಗ ಬಿಟ್ಟು ಕುಂಟೆ ಹೊಡೆಯುವ ರೈತರನ್ನು ನಾನು ನೋಡಿದ್ದೇನೆ. ಯಾರೂ ಹೇಳಿಕೊಟ್ಟದ್ದಲ್ಲ, ಅವರ ಅಪ್ಪನೂ ಹಾಗೇ ಬಿಡುತ್ತಿದ್ದನಂತೆ. ಸುಮಾರು ನಾಲ್ಕು ವಾರದಲ್ಲಿ ಮರಿ ಹೊರಬರುತ್ತವೆ, ಹುಟ್ಟಿದ ದಿನವೇ ಎದ್ದು ಓಡುತ್ತವೆ. ಆಮೇಲೆ ಹೊಲ ನಿಮ್ಮದೇ.

ಬಲೆಯ ವಿಷಯ ಸ್ವಲ್ಪ ಸೂಕ್ಷ್ಮ. ಮಕ್ಕಳನ್ನು ಮುಂದೆ ಬಿಟ್ಟು ಜಗಳಕ್ಕೆ ಹೋಗಬೇಡಿ, ಒಬ್ಬರೇ ರಾತ್ರಿ ಹೋಗಿ ಬಲೆ ಕೀಳುವುದೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿ ಹಿಡಿಯುವುದು, ಮಾರುವುದು, ಮೊಟ್ಟೆ ಎತ್ತುವುದು ಎಲ್ಲ ಅಪರಾಧ, ಜೈಲಿಗೂ ಹೋಗಬೇಕಾಗುತ್ತದೆ. ಮನೆಯಲ್ಲಿ ಪಂಜರದ ಗಿಳಿ ಸಾಕುವುದೂ ತಪ್ಪೇ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಮೊದಲು ಹಿರಿಯರ ಮೂಲಕ ಹೇಳಿಸಿ. ಮಾರಾಟಕ್ಕೇ ಹಿಡಿಯುವವರಿದ್ದರೆ, ಹೇಳಿದರೂ ಕೇಳದಿದ್ದರೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಇನ್ನು ಮೀನುಗಾರರ ಹರಿದ ನೈಲಾನ್ ಬಲೆ. ದಂಡೆಯಲ್ಲಿ ಬಿಸಾಡಿದ ಬಲೆಗೆ ನೀರುಕಾಗೆ, ಗುಳುಮುಳುಕ ಸಿಕ್ಕಿ ಸಾಯುವುದು ಜಾಸ್ತಿ. ಯುವಕರು ತಿಂಗಳಿಗೊಮ್ಮೆ ಅದನ್ನು ಆರಿಸಿದರೆ ಯಾರ ಜೊತೆಗೂ ತಕರಾರಿಲ್ಲ, ಪ್ರಯೋಜನ ದೊಡ್ಡದು.

ರೈತರ ಮಾತನ್ನು ಮಾತ್ರ ಪೂರ್ತಿ ಕೇಳಿ. ಹೆಬ್ಬಾತು, ಕರ್ಕರೆ ಕಡಲೆ ಹೊಲಕ್ಕೆ ಇಳಿಯುತ್ತವೆ. ಹಾಲುಗಾಳಿನ ಜೋಳಕ್ಕೆ ಗಿಳಿ, ಕಬ್ಬಕ್ಕಿ ಬೀಳುತ್ತವೆ, ಸೀತನಿ ತಿನ್ನುವ ಹೊತ್ತಿಗೆ ತೆನೆಯಲ್ಲಿ ಕಾಳೇ ಇರುವುದಿಲ್ಲ. ಆ ಸಂಕಟ ಸುಳ್ಳಲ್ಲ. ಅವರಿಗೆ ಹೋಗಿ ಹಕ್ಕಿ ನಮ್ಮ ಸಂಪತ್ತು ಅಂದರೆ ಏನು ಹೇಳಿಯಾರು? ಅಟ್ಟ ಹಾಕಿ ಕೂಗಿ ಓಡಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಹಿಂದಿನವರು ಮಾಡಿದ್ದೂ ಅದನ್ನೇ. ಕಾಳಿಗೆ ವಿಷ ಬೆರೆಸಿ ಇಡುವುದು ಮಾತ್ರ ಬೇಡ. ಅದನ್ನು ತಿನ್ನುವುದು ಬರೀ ಹಕ್ಕಿಯಲ್ಲ, ಮನೆಯ ಕೋಳಿ ತಿನ್ನುತ್ತದೆ, ಸತ್ತ ಹಕ್ಕಿಯನ್ನು ನಾಯಿ ತಿನ್ನುತ್ತದೆ. ವಿಜಯಪುರದ ಕಡೆ ದ್ರಾಕ್ಷಿ ತೋಟಕ್ಕೆ ಬಲೆ ಹೊದಿಸುವವರಿಗೆ ನಾನು ಹೇಳುವುದು ಇಷ್ಟೇ, ಬಲೆ ಬಿಗಿಯಾಗಿ ಎಳೆದು ಕಟ್ಟಿ, ಜೋಲು ಬಿಟ್ಟರೆ ಹಕ್ಕಿ ಸಿಕ್ಕಿಕೊಳ್ಳುತ್ತದೆ. ನಿಮ್ಮಲ್ಲಿ ಕಬ್ಬು ಇದೆಯಲ್ಲ, ಅದರ ಒಣ ಎಲೆ, ರವದಿಗೆ ಬೆಂಕಿ ಹಚ್ಚುವುದನ್ನು ಒಂದಿಬ್ಬರಾದರೂ ನಿಲ್ಲಿಸಿದರೆ ನೆಲದಲ್ಲಿ ಗೂಡು ಕಟ್ಟುವ ಗೌಜಲ, ಬುರ್ಲಿ ಉಳಿಯುತ್ತವೆ. ರವದಿ ಕೊಳೆತು ಹೊಲಕ್ಕೆ ಗೊಬ್ಬರವೂ ಆಯಿತು.

ಊರಿನವರೇ ಹಕ್ಕಿ ಉಳಿಸಿದ ಉದಾಹರಣೆ ಬೇಕು ಅಂದರೆ ಮಕ್ಕಳಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಕತೆ ಹೇಳಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರ ನಡುವಿನ ಹುಣಸೆ, ಆಲದ ಮರಗಳಲ್ಲೇ ಮರಿ ಮಾಡುತ್ತವೆ. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಅಂತ ಊರವರು ಅವುಗಳನ್ನು ಕರೆಯುತ್ತಾರೆ. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡರು, ಹಕ್ಕಿ ಕೂತ ಮರದ ಹುಣಸೆ ಫಸಲು ಹೋದದ್ದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿತು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶ ಆಯಿತು. ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೆಬ್ಬಾತುಗಳಿಂದಲೇ ಹೆಸರು ಬಂತು, 2024ರ ಜನವರಿಯಲ್ಲಿ ಅದು ಲೋಕದ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದಾದರೆ ಗೋಕಾಕ ಕಡೆಯ ಘಟಪ್ರಭಾ ಪಕ್ಷಿಧಾಮ ಇದೆ, ಧೂಪದಾಳದ ನೀರಿನ ಸುತ್ತ 1974ರಲ್ಲಿ ಘೋಷಿಸಿದ್ದು. ಅದೇ ಘಟಪ್ರಭೆ ನಿಮ್ಮ ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರುವುದು. ಒಂದೇ ಹೊಳೆಯ ಮೇಲೆ ಎರಡು ಕಡೆ ಎಣಿಸಿ ಹೋಲಿಸಿದರೆ ಎಷ್ಟು ಒಳ್ಳೆಯ ಪಾಠ ಆಗುತ್ತದೆ ನೋಡಿ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು, ನಾವೇ ಮಾಡಿದ ತಪ್ಪಿನಿಂದ ಕಲಿತದ್ದು. ಒಂದು ವರ್ಷ ಒಂದು ಕೆರೆಗೆ ರಾಜಹಂಸ ಬಂದವು. ಸಂಭ್ರಮ ತಡೆಯಲಾಗದೆ ಗುಂಪಿನವರು ಫೋಟೋ, ಜಾಗದ ಹೆಸರು ಎಲ್ಲ ಹಂಚಿಬಿಟ್ಟೆವು. ಭಾನುವಾರ ಬೈಕ್, ಕಾರು ತುಂಬಿದವು. ಯಾರೋ ಡ್ರೋನ್ ಹಾರಿಸಿದರು, ಹಾರುವ ಫೋಟೋ ಬೇಕು ಅಂತ ಯಾರೋ ಚಪ್ಪಾಳೆ ತಟ್ಟಿದರು. ಸಂಜೆಗೆ ಹಿಂಡು ಎದ್ದುಹೋಯಿತು, ಆ ವರ್ಷ ಮತ್ತೆ ಬರಲಿಲ್ಲ. ಅವತ್ತಿನಿಂದ ಗೂಡಿನ ಫೋಟೋ ಹಾಕುವುದಿಲ್ಲ, ಜಾಗದ ಹೆಸರು ಬರೆಯುವುದಿಲ್ಲ. ನಿಮ್ಮ ಯುವಕರಿಗೆ ಇದನ್ನು ಮೊದಲ ದಿನವೇ ಹೇಳಿ.

ಬರೆದದ್ದು ವ್ಯರ್ಥವಾಗಬಾರದು ಅಂದರೆ ಪಂಚಾಯಿತಿಗೆ ಮುಟ್ಟಿಸಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲೆ ಇಡಬೇಕು. ಬಹಳ ಕಡೆ ಅದು ಕಪಾಟಿನಲ್ಲಿ ಮಲಗಿದೆ. ನಿಮ್ಮ ಮಕ್ಕಳ ನೋಟ್‌ಬುಕ್ಕಿನ ಒಂದು ವರ್ಷದ ಲೆಕ್ಕವನ್ನು ಆ ದಾಖಲೆಗೆ ಸೇರಿಸಿ ಅಂತ ಗ್ರಾಮಸಭೆಯಲ್ಲಿ ಕೇಳಿ. ಮಕ್ಕಳೇ ನಿಂತು ಓದಲಿ. ನಾಳೆ ಆ ದಂಡೆಯಲ್ಲಿ ಮಣ್ಣು ಎತ್ತಲು ಯಾರಾದರೂ ಬಂದರೆ, ಇಲ್ಲಿ ಇಂಥ ತಿಂಗಳು ಇಷ್ಟು ಗೂಡು ಇದ್ದವು ಅಂತ ತೋರಿಸಲು ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ.

ಬೇಸಿಗೆಯಲ್ಲಿ ನೀರಿಡುವುದನ್ನು ಎಲ್ಲರೂ ಮಾಡುತ್ತಾರೆ, ಒಳ್ಳೆಯದೇ. ಮಣ್ಣಿನ ಅಗಲ ಬಟ್ಟಲು, ನೀರು ಎರಡು ಬೆರಳಿಗಿಂತ ಆಳ ಬೇಡ, ನಡುವೆ ಒಂದು ಕಲ್ಲು, ನೆರಳಲ್ಲಿಡಿ. ದಿನಾ ತಿಕ್ಕಿ ತೊಳೆಯಬೇಕು, ಇಲ್ಲದಿದ್ದರೆ ರೋಗ ಹರಡುತ್ತದೆ.

ಈಗ ಆ ಹುಡುಗನನ್ನು ಕರೆಯಿರಿ. ಜೇಬಿನಲ್ಲಿ ಬಂದ ಮೊಟ್ಟೆ ಇನ್ನು ಮರಿಯಾಗುವುದಿಲ್ಲ, ಕೋಳಿಯ ಕೆಳಗಿಟ್ಟು ನೋಡೋಣ ಅನ್ನುವುದೂ ಬೇಡ. ಅದನ್ನು ಅವನಿಗೆ ಮೆಲ್ಲಗೆ ಹೇಳಿ, ಮುಚ್ಚಿಡಬೇಡಿ. ಆದರೆ ಇನ್ನೊಂದು ಮಾತನ್ನೂ ಹೇಳಿ, ಮೊದಲ ಮೊಟ್ಟೆ ಹೋದರೆ ಈ ಹಕ್ಕಿಗಳು ಅದೇ ಬೇಸಿಗೆಯಲ್ಲಿ ಮತ್ತೆ ಇಡುವುದುಂಟು. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಅವನ ಜೊತೆ ಹೋಗಿ, ದೂರದಲ್ಲೇ ನಿಲ್ಲಿ, ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಯಾವ ಹಕ್ಕಿ ತಲೆಯ ಮೇಲೆ ಕೂಗುತ್ತ ಸುತ್ತುತ್ತದೆ ಅಂತ ಅವನೇ ನೋಡಿ ಬರೆಯಲಿ. ಬಣ್ಣ, ಕೊಕ್ಕು, ಬಾಲ, ಕೂಗು. ನೋಟ್‌ಬುಕ್ಕಿನ ಮೊದಲ ಪುಟ ಅವನದೇ ಕೈಬರಹದಲ್ಲಿರಲಿ. ಆ ಪುಟದ ಫೋಟೋ ನನಗೆ ಕಳಿಸಿ, ಯಾವ ಹಕ್ಕಿ ಅಂತ ಅವನಿಗೇ ಉತ್ತರ ಬರೆಯುತ್ತೇನೆ.